ಹಿತ್ತಲ ಗೋಡೆ ಬಾಹ್ಯಾಕಾಶದಿಂದ ಕಾಣುತ್ತದೆಯೇ?

ಮೊನ್ನೆ ಸಂಕ್ರಮಣದ ದಿನ ಬಾಗಲಕೋಟೆಯ ನವನಗರದಲ್ಲಿ ನಮ್ಮ ಕಾಕಾ ಮತ್ತು ಅವನ ಹಳೆಯ ನೆರೆಮನೆಯ ಸಂಗಣ್ಣ ಮಾಮಾ ಒಂದು ಗೋಡೆಗಾಗಿ ಜಗಳವಾಡಿದರು. ಗೋಡೆ ಈಗಿಲ್ಲ. ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷಗಳಾದವು. ಜಗಳ ನಡೆದದ್ದು ಒಂದು ಫೋಟೋದ ಮುಂದೆ. ಫೋಟೋ ಬಾಹ್ಯಾಕಾಶದಿಂದ ತೆಗೆದದ್ದು. ಅದರಲ್ಲಿದ್ದದ್ದು ನಮ್ಮ ಊರೂ ಅಲ್ಲ, ನಮ್ಮ ದೇಶವೂ ಅಲ್ಲ.

ಇಷ್ಟು ಹೇಳಿದ ಮೇಲೆ ನನಗೆ ಯಾಕೆ ಸುಸ್ತಾಗಿದೆ ಎಂದು ನೀವು ಕೇಳಲಿಕ್ಕಿಲ್ಲ.

ನಮ್ಮ ಹಳೆಯ ಓಣಿಯವರದೊಂದು ವಾಟ್ಸಪ್ ಗ್ರೂಪ್ ಇದೆ. ಹೆಸರು ‘ನಮ್ಮ ಓಣಿ’. ಓಣಿ ನೀರಿನಲ್ಲಿದೆ, ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರುಗಳಲ್ಲಿದ್ದಾರೆ, ನಾನು ಮದುವೆಯಾಗಿ ಇಳಕಲ್ಲಿನಲ್ಲಿದ್ದೇನೆ. ಗ್ರೂಪ್ ಮಾತ್ರ ಒಂದೇ ಕಡೆ ಇದೆ. (ಗೊತ್ತಿಲ್ಲದವರಿಗಾಗಿ: ಆಣೆಕಟ್ಟಿನ ಹಿನ್ನೀರು ಬಂದಾಗ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಮುಳುಗಿದವು. ನಮ್ಮಲ್ಲಿ ಯಾರದಾದರೂ ಮದುವೆ ಯಾವಾಗ ಆಯಿತು ಅಂತ ಕೇಳಿದರೆ ಇಸವಿ ಹೇಳುವುದಿಲ್ಲ. ‘ಮುಳುಗಡಿಗಿಂತ ಮೊದಲ’ ಅಥವಾ ‘ಮುಳುಗಡಿ ಆದಮ್ಯಾಲ’ ಅನ್ನುತ್ತಾರೆ.)

ಗ್ರೂಪಿನ ಅಡ್ಮಿನ್ ನಮ್ಮ ಕಾಕಾ. ಈ ಅಂಕಣ ಓದುವವರಿಗೆ ಅವನು ಹೊಸಬನಲ್ಲ. ಲೈನ್‌ಮನ್ ಆಗಿ ರಿಟೈರಾದವನು, ತನ್ನ ಮನೆಯ ಫ್ಯಾನು ರಿಪೇರಿ ಮಾಡಲು ಹೋಗಿ ಎದುರು ಮನೆಯ ಫ್ರಿಜ್ಜು ಸುಟ್ಟವನು. ಅವನೇ ಸಂಕ್ರಮಣಕ್ಕೆ ಒಂದು ವಾರ ಇರುವಾಗ ಗ್ರೂಪಿಗೆ ಆ ಫೋಟೋ ಹಾಕಿದ. ಕೆಳಗೆ ಒಂದು ಒಕ್ಕಣೆ: ‘ಬಾಹ್ಯಾಕಾಶದಿಂದ ನಮ್ಮ ಹೆಮ್ಮೆಯ ಬಾಗಲಕೋಟೆ! ಹಿನ್ನೀರಿನ ಸೊಬಗು ನೋಡಿರಿ. ಹತ್ತು ಜನಕ್ಕೆ ಕಳಿಸಿರಿ.’

ಫೋಟೋ ಚೆಂದವೇ ಇತ್ತು, ಸುಳ್ಳು ಹೇಳಬಾರದು. ನೀಲಿ ನೀರು ನೆಲದೊಳಕ್ಕೆ ಬಾಗಿ ನುಗ್ಗಿ ಬಂದಿತ್ತು. ಅದರ ಸುತ್ತ ಬೂದು ಬಣ್ಣದ ಊರುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೋ ತಿಳಿಯುವುದಿಲ್ಲ. ದಂಡೆಯಿಂದ ದಂಡೆಗೆ ದಾರದಂಥ ಒಂದು ಸೇತುವೆ. ನೀರಿನ ಮೇಲೆ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಪ್ರತಿ ಚುಕ್ಕೆಗೂ ಹಿಂದೆ ಒಂದು ಬಿಳಿ ಬಾಲ.

ಹಡಗುಗಳು! ನಮ್ಮ ಹಿನ್ನೀರಿನಲ್ಲಿ ಹಡಗು ಯಾವಾಗ ಬಂತು?

ಫೋನಿನಲ್ಲಿ ಹುಡುಕಿದೆ. ಯಾವುದೋ ದೂರದ ದೇಶದ ಸಮುದ್ರದ ಕೊಲ್ಲಿ ಅದು. ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಬಾಹ್ಯಾಕಾಶದಲ್ಲಿ ಕೂತ ಯಾರೋ ಪುಣ್ಯಾತ್ಮರು ಕಿಟಕಿಯಿಂದ ತೆಗೆದ ಚಿತ್ರ. ಇನ್ನೊಂದು ಸಂಗತಿಯೂ ಸಿಕ್ಕಿತು. ನೀರಿನೊಳಗೆ ಚಾಚಿಕೊಂಡಿದ್ದ ಒಂದು ನೇರ ಪಟ್ಟಿ ವಿಮಾನ ನಿಲ್ದಾಣವಂತೆ. ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ್ದಂತೆ. ಅಲ್ಲಿಯವರು ಸಮುದ್ರ ಮುಚ್ಚಿ ನೆಲ ಮಾಡಿಕೊಂಡರು. ನಮ್ಮದು ನೆಲ ಮುಚ್ಚಿ ಸಮುದ್ರವಾಯಿತು. ಇರಲಿ.

ನಾನು ಗ್ರೂಪಿನಲ್ಲಿ ಬರೆದೆ: ‘ಇದು ನಮ್ಮೂರಲ್ಲ. ಹೊರದೇಶದ ಫೋಟೋ. ನೀರಿನಲ್ಲಿ ಕಾಣುವ ಬಿಳಿ ಚುಕ್ಕೆಗಳು ಹಡಗುಗಳು.’

ಮೂರು ಜನ ಕೈಮುಗಿದ ಚಿತ್ರ ಹಾಕಿದರು. ಒಬ್ಬರು ಗುಲಾಬಿ ಹೂವಿನ ಶುಭೋದಯ ಕಳಿಸಿದರು. ಇನ್ನೊಬ್ಬರು ಮಾತ್ರ ಉತ್ತರ ಬರೆದರು: ‘ಹಡಗ ಅಲ್ರೀ, ಬ್ಯಾಸಗಿಗೆ ಹಿನ್ನೀರಿಗೆ ಹಕ್ಕಿ ಬರ್ತಾವಲ್ಲ, ಅವ ಇರಬೇಕು.’

ಬಾಹ್ಯಾಕಾಶದಿಂದ ಕಾಣುವ ಹಕ್ಕಿ! ಆ ಲೆಕ್ಕದಲ್ಲಿ ಒಂದೊಂದು ಹಕ್ಕಿ ನಮ್ಮ ಇಡೀ ಓಣಿಗಿಂತ ದೊಡ್ಡದಾಗಬೇಕು. ಅದೂ ಬೇಸಿಗೆಯ ಹಕ್ಕಿ, ಚಳಿಗಾಲದಲ್ಲಿ. ತಿದ್ದಲು ಹೋದೆ, ಅರ್ಧ ಟೈಪ್ ಮಾಡಿ ಅಳಿಸಿದೆ. ಎಷ್ಟು ತಿದ್ದುವುದು ಹೇಳಿ? ಅರಿಶಿನದ ಕಷಾಯಕ್ಕೆ ಎಲ್ಲ ರೋಗ ವಾಸಿಯಾಗುತ್ತದೆ ಅಂತ ಬಂದಾಗ ತಿದ್ದಿದೆ. ನಾಳೆಯಿಂದ ಫೋನು ಬಂದ್ ಆಗುತ್ತದೆ ಅಂತ ಬಂದಾಗ ತಿದ್ದಿದೆ. ಖರೆ ಹೇಳುವುದು ಒಂದು ವಯಸ್ಸಿನವರೆಗೆ ಹುಮ್ಮಸ್ಸು. ಆಮೇಲೆ ಅದೂ ಮನೆಗೆಲಸದ ಹಾಗೆ, ಮಾಡಿದಷ್ಟೂ ಮುಗಿಯದ್ದು.

ಕಾಕಾ ನೇರವಾಗಿ ಫೋನ್ ಮಾಡಿದ.

“ನೀ ಎಲ್ಲಾದ್ರಾಗೂ ತಪ್ಪ ಹುಡಕ್ತಿ. ಚಂದ ಐತಿಲ್ಲೋ? ಅಷ್ಟ ನೋಡು. ನಾ ಅದನ್ನ ದೊಡ್ಡದ ಮಾಡ್ಸಿ ಫ್ರೇಮ್ ಹಾಕ್ಸೇನಿ. ಸಂಕ್ರಮಣಕ್ಕ ನೀನ ಬಂದು ಪರದೆ ತಗೀಬೇಕು.”

“ಕಾಕಾ, ಅದು ನಮ್ಮೂರಲ್ಲ.”

“ಬರೂಮುಂದ ಅಮೀನಗಡದಾಗ ಕರದಂಟು ತಗೊಂಬಾ,” ಅಂದು ಫೋನಿಟ್ಟ.

ಹೋದೆ. ಏನು ಮಾಡುವುದು? ಪ್ರತಿ ಸಂಕ್ರಮಣಕ್ಕೆ ಓಣಿಯವರೆಲ್ಲ ಕಾಕಾನ ಮನೆಯಲ್ಲಿ ಸೇರುವುದು ರೂಢಿ. ಒಬ್ಬೊಬ್ಬರೂ ಮನೆಯಿಂದ ಬುತ್ತಿ ತರುತ್ತಾರೆ, ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆ. ಊಟಕ್ಕೆ ಮೊದಲು ಕುಸುರೆಳ್ಳು ಕೊಟ್ಟು ‘ಎಳ್ಳುಬೆಲ್ಲ ತಗೊಂಡು ಎಳ್ಳುಬೆಲ್ಲದಂಗ ಇರೂಣು’ ಅನ್ನುವುದು. ಕಾಕಾ ಮತ್ತು ಸಂಗಣ್ಣ ಮಾಮಾ ವರ್ಷಕ್ಕೆ ಆಡುವ ಮಾತು ಇದೊಂದೇ. ಒಬ್ಬನು ಕೊಡುತ್ತಾನೆ, ಇನ್ನೊಬ್ಬನು ತಗೊಳ್ಳುತ್ತಾನೆ, ಎಳ್ಳುಬೆಲ್ಲದ ಹಾಗೆ ಇರೋಣ ಅನ್ನುತ್ತಾರೆ. ಮಾರನೆಯ ದಿನದಿಂದ ಮತ್ತೆ ಮಾತಿಲ್ಲ.

ಕಾರಣ ಆ ಗೋಡೆ. ಎರಡು ಮನೆಗಳ ಹಿತ್ತಲ ನಡುವೆ ಇದ್ದ ಮಣ್ಣಿನ ಗೋಡೆ. ಅದನ್ನು ಒಂದು ಮಳೆಗಾಲದ ನಂತರ ಸಂಗಣ್ಣ ಮಾಮಾ ಮತ್ತೆ ಕಟ್ಟಿಸಿದಾಗ ಒಂದು ಗೇಣು ನಮ್ಮ ಕಡೆ ಬಂತು ಅಂತ ಕಾಕಾ. ಇಲ್ಲ, ಮೊದಲೇ ಒಂದು ಗೇಣು ನಮ್ಮ ಜಾಗ ನುಂಗಿದ್ದಿರಿ ಅಂತ ಮಾಮಾ. ಪಂಚರು ಕೂತರು, ಎದ್ದರು. ಅಷ್ಟರಲ್ಲಿ ನೀರು ಬಂತು. ಗೋಡೆ, ಗೇಣು, ಹಿತ್ತಲು, ಎಲ್ಲ ತಗೊಂಡು ಹೋಯಿತು. ಸಿಟ್ಟನ್ನು ಮಾತ್ರ ಇಬ್ಬರೂ ಜೋಪಾನವಾಗಿ ನವನಗರಕ್ಕೆ ತಂದಿದ್ದರು.

ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಫೋಟೋ ಇಟ್ಟು ಸೇವಂತಿಗೆ ಹಾರ ಹಾಕಿದ್ದರು. (ಹಾರ ಹಾಕಿದ ಫೋಟೋ ಅಂದರೆ ನಮ್ಮಲ್ಲಿ ಏನರ್ಥ ಅಂತ ಯಾರಿಗೂ ಹೊಳೆದಿರಲಿಲ್ಲ.) ನಾನು ಪರದೆ ಸರಿಸಿದೆ. ಪರದೆ ಅಂದರೆ ಕಾಕಾನ ಹೆಂಡತಿ, ನಮ್ಮ ಚಿಗವ್ವನ ಹಳೆಯ ಇಳಕಲ್ ಸೀರೆಯ ತುಂಡು. ಎಲ್ಲರೂ ಚಪ್ಪಾಳೆ ತಟ್ಟಿದರು. ‘ಎರಡು ಮಾತು’ ಅಂದರು. ಇದು ನಮ್ಮೂರಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಎಲ್ಲರೂ ಎದ್ದು ಫೋಟೋಕ್ಕೆ ಮುತ್ತಿದ್ದರು.

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು.

“ಇಕಾ, ಇದು ನಮ್ಮ ಸಾಲಿ!”

“ಸಾಲಿ ಅಲ್ಲ, ಗಿರಣಿ ಅದು. ಸಾಲಿ ಆಚಿಕಡೆ.”

“ಈ ಉದ್ದಕ ಇರೂದು ರೇಲ್ವೆ ಬ್ರಿಜ್ಜು, ಹೌದಿಲ್ಲೋ?”

“ನಮ್ಮ ಬೇವಿನಗಿಡ ಕಾಣವಲ್ದಲ್ಲ.”

“ಮ್ಯಾಲಿಂದ ಬೇವಿನಗಿಡ ಹ್ಯಾಂಗ ಕಾಣಬೇಕ ಯವ್ವಾ, ಎಲಿ ಅಷ್ಟ ಕಾಣತಾವ.”

ಒಬ್ಬರೂ ‘ಇದು ಹೌದೋ ಅಲ್ಲವೋ’ ಅನ್ನಲಿಲ್ಲ. ಅವರಿಗೆ ಹುಡುಕುವುದೊಂದೇ ಬೇಕಿತ್ತು. ಇಷ್ಟು ವರ್ಷ ಯಾರೂ ಅವರ ಮುಂದೆ ಒಂದು ಚಿತ್ರ ಇಟ್ಟು ‘ನಿಮ್ಮ ಮನೆ ಎಲ್ಲಿತ್ತು ತೋರಿಸಿ’ ಅಂದಿರಲಿಲ್ಲ. ಇಟ್ಟದ್ದು ಯಾವ ಊರಿನದಾದರೇನು?

ಆಗ ಕಾಕಾ ಬಾಲ್‌ಪೆನ್ನು ತಗೊಂಡು ಬೂದು ಬಣ್ಣದ ಒಂದು ಜಾಗದ ಮೇಲೆ ಊರಿದ. “ಇದು ನಮ್ಮನಿ. ಇದು ಹಿತ್ತಲ. ಇಲ್ಲಿಗೆ ನಮ್ಮ ಗ್ವಾಡಿ.”

ಮೂಲೆಯಲ್ಲಿ ಕೂತಿದ್ದ ಸಂಗಣ್ಣ ಮಾಮಾ ಎದ್ದು ಬಂದ. ಕನ್ನಡಕ ಒರೆಸಿಕೊಂಡ. ಬಗ್ಗಿ ನೋಡಿದ.

“ಅಲ್ಲಿಗಲ್ಲ,” ಅಂದ. “ಇಲ್ಲಿಗೆ.”

“ಎಲ್ಲಿಗೆ?”

“ಇಲ್ಲಿಗೆ. ಒಂದು ಗೇಣು ಈಚಿಕಡೆ.”

ಮಾಮಾನ ಹೆಬ್ಬೆರಳು ಬಿದ್ದ ಜಾಗದಲ್ಲಿ ಆ ಹೊರದೇಶದ ಒಂದು ಇಡೀ ನಗರ ಮುಚ್ಚಿಹೋಗಿತ್ತು. ಅದರ ರೇಲ್ವೆ ಸ್ಟೇಷನ್, ದವಾಖಾನೆ, ಸಾಲಿ, ಸಂತೆ, ಲಕ್ಷಗಟ್ಟಲೆ ಜನ, ಎಲ್ಲ ಒಂದು ಹೆಬ್ಬೆರಳಿನ ಕೆಳಗೆ. ಅದರಲ್ಲಿ ಒಂದು ಗೇಣು ಹುಡುಕುತ್ತಿದ್ದರು ಇಬ್ಬರು ಮುದುಕರು.

“ಅವತ್ತೂ ಹಿಂಗ ಅಂದಿ, ಇವತ್ತೂ ಹಿಂಗ ಅಂತಿ!” ಅಂತ ಕಾಕಾ.

“ಖರೆ ಇದ್ದದ್ದು ದಿನಾ ಬದಲಾಕ್ಕೈತೇನಲೇ?” ಅಂತ ಮಾಮಾ.

ಬಿಡಿಸಲು ಹೋದವರು ತಾವೂ ಒಂದೊಂದು ಪಕ್ಷ ಹಿಡಿದರು. ನಾನು ಕರದಂಟಿನ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಗೋಡೆಗೆ ಒರಗಿ ಕೂತೆ. ಮುಂಜಾನೆ ಹುನಗುಂದದವರೆಗೆ ಬಸ್ಸಿನಲ್ಲಿ ನಿಂತು ಬಂದಿದ್ದೆ. ಕಾಲು ನೋಯುತ್ತಿದ್ದವು. ಯಾಕಾದರೂ ಬಂದೆನೋ ಅನಿಸಿತು.

ಆಗ ಅಡುಗೆಮನೆಯಿಂದ ಚಿಗವ್ವ ಬಂದಳು. ಕೈಯಲ್ಲಿ ಕುಸುರೆಳ್ಳಿನ ತಾಟು. ಫೋಟೋ ಮನೆಗೆ ಬಂದು ಇಷ್ಟು ದಿನವಾದರೂ ಅದನ್ನು ಕಣ್ಣೆತ್ತಿ ನೋಡಿರದವಳು ಅವಳೊಬ್ಬಳೇ. ಜನ ದಾರಿ ಬಿಟ್ಟರು. ಫೋಟೋದ ಮುಂದೆ ನಿಂತಳು. ಮನೆ ಎಲ್ಲಿ ಅಂತ ಕೇಳಲಿಲ್ಲ. ಗೋಡೆ ಎಲ್ಲಿ ಅಂತಲೂ ಕೇಳಲಿಲ್ಲ.

“ಮಣ್ಣ ಮಾಡೂ ಜಾಗಾ ಎಲ್ಲೈತಿ ಇದ್ರಾಗ?” ಅಂದಳು.

ಕಾಕಾ ಬಾಲ್‌ಪೆನ್ನು ಜೇಬಿಗೆ ಹಾಕಿಕೊಂಡ.

ಗೊತ್ತಿಲ್ಲದವರಿಗೆ ಹೇಳಬೇಕು. ಮುಳುಗಡೆಗೂ ಎಷ್ಟೋ ಮೊದಲು ಚಿಗವ್ವನಿಗೆ ಚೊಚ್ಚಲು ಹೆಣ್ಣುಕೂಸು ಹುಟ್ಟಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಹೆಸರೂ ಇಟ್ಟಿರಲಿಲ್ಲ. ಕಾಕಾ ಆಗ ದೂರದ ಊರಲ್ಲಿ ಲೈನ್ ಎಳೆಯುವ ಕೆಲಸದ ಮೇಲಿದ್ದ. ತೊಟ್ಟಿಲ ಕಾರ್ಯಕ್ಕೆಂದು ಕೂಸಿನ ಕರಿಬಳೆ ತಗೊಂಡು ಅವನು ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಸಿ ಬಾಣಂತಿಯನ್ನು ಯಾರು ಹೊರಗೆ ಬಿಡುತ್ತಾರೆ? ಚಿಗವ್ವ ನೋಡಿದ್ದು ಬಾಗಿಲ ತನಕ ಮಾತ್ರ. ಬಿಳಿ ಅರಿವೆಯಲ್ಲಿ ಸುತ್ತಿ ಕೂಸನ್ನು ಎತ್ತಿಕೊಂಡು ಹೋದವನು ಪಕ್ಕದ ಮನೆಯ ಸಂಗಣ್ಣ ಮಾಮಾ.

ಆಮೇಲೆ ಚಿಗವ್ವನಿಗೆ ಇಬ್ಬರು ಗಂಡುಮಕ್ಕಳಾದರು, ಮೊಮ್ಮಕ್ಕಳೂ ಆದರು. ಆದರೂ ಪ್ರತಿ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಎಡೆ ಮಾಡಿದಾಗ ಒಂದು ಸಣ್ಣ ಎಡೆ ಬೇರೆ ಕಟ್ಟಿಕೊಂಡು ಹಿನ್ನೀರಿನ ದಂಡೆಗೆ ಹೋಗುತ್ತಾಳೆ. ನೀರು ಒಂದು ವರ್ಷ ಅಲ್ಲಿರುತ್ತದೆ, ಇನ್ನೊಂದು ವರ್ಷ ಇಲ್ಲಿರುತ್ತದೆ. ಎಲ್ಲಿ ದಂಡೆಯೋ ಅಲ್ಲಿ ಇಟ್ಟು ಬರುತ್ತಾಳೆ. ನಾನೂ ಒಮ್ಮೆ ಜೊತೆಗೆ ಹೋಗಿದ್ದೆ. “ಯಾವ ಕಡಿ ಮಾರಿ ಮಾಡಿ ಇಡಬೇಕ ತಿಳಿವಲ್ದು,” ಅಂದಿದ್ದಳು.

ಈಗ ಕಾಕಾ ಲಗುಬಗೆಯಿಂದ ಫೋಟೋದ ಮೇಲೆ ಕೈಯಾಡಿಸಿದ. “ಅಲ್ಲೇ... ಹೊಳಿದಂಡಿಗೆ.”

“ಎಲ್ಲೆ? ಬಟ್ಟ ಮಾಡಿ ತೋರಸ್ರಿ.”

ಕಾಕಾನ ಬೆರಳು ಸಮುದ್ರದಲ್ಲಿ ಅಲೆಯಿತು. ಒಂದು ಹಡಗಿನ ಹತ್ತಿರ ಹೋಯಿತು, ಹಿಂದಕ್ಕೆ ಬಂತು. ಆಗ ನನಗೆ ತಿಳಿಯಿತು, ಬಹುಶಃ ಚಿಗವ್ವನಿಗೂ. ಅವನಿಗೆ ಗೊತ್ತೇ ಇರಲಿಲ್ಲ. ಅವನು ಯಾವತ್ತೂ ಕೇಳಿಯೇ ಇರಲಿಲ್ಲ. ಊರಿಗೆ ಬಂದ ಹೊಸದರಲ್ಲಿ ಕೇಳಲು ಧೈರ್ಯ ಬಂದಿರಲಿಕ್ಕಿಲ್ಲ. ಆಮೇಲೆ ಕೇಳಬೇಕಾದವನು ಗೋಡೆಯ ಆಚೆಯವನಾದ.

ಚಿಗವ್ವ ಸಂಗಣ್ಣ ಮಾಮಾನ ಕಡೆ ತಿರುಗಿದಳು. ಮಾಮಾ ಫೋಟೋದ ಮೇಲೆ ಬಗ್ಗಿದ. ಆಮೇಲೆ ನೀರಿನ ಅಂಚಿನ ಒಂದು ಬಾಗಿನಲ್ಲಿ ತೋರುಬೆರಳಿಟ್ಟ. “ಇಲ್ಲಿ ಇರಬೇಕ ತಂಗಿ,” ಅಂದ.

ಚಿಗವ್ವ ಬಗ್ಗಿ ಅವನ ಬೆರಳಿನ ತುದಿಯನ್ನು ನೋಡಿದಳು. ತಾಟು ಕೆಳಗಿಟ್ಟಳು. ಸೆರಗಿನಿಂದ ಗಾಜಿನ ಆ ಜಾಗವನ್ನು ಒರೆಸಿದಳು. ಒರೆಸಿ, ನನ್ನನ್ನು ಹುಡುಕಿ ನೋಡಿದಳು.

“ನೀ ಬರಿಯಾಕಿ. ನೀ ಹೇಳು. ಇದು ಖರೇನ ನಮ್ಮೂರೇನು?”

ಒಂದು ವಾರ ಯಾರೂ ಕೇಳದಿದ್ದಾಗ ಹೇಳುತ್ತಲೇ ಬಂದಿದ್ದೆ. ಈಗ ಮೊದಲ ಸಲ ಒಬ್ಬರು ಕೇಳಿದರು. ಹೌದು ಅಂದುಬಿಟ್ಟರೆ ಏನು ಹೋಗುತ್ತದೆ? ಆ ಕೊಲ್ಲಿಯವರು ಬಂದು ಕೇಳುತ್ತಾರೆಯೇ? ಚಿಗವ್ವನಿಗೆ ಒಂದು ಜಾಗ ಸಿಗುತ್ತದೆ. ಪಡಸಾಲೆಯಲ್ಲೇ ಇರುತ್ತದೆ. ದಿನಾ ಎರಡು ಹೂವು ಇಡಬಹುದು. ಕಾಕಾ ನನ್ನನ್ನೇ ನೋಡುತ್ತಿದ್ದ, ‘ಹೂಂ ಅನ್ನು’ ಅನ್ನುವ ಹಾಗೆ.

ಆದರೆ ಅವಳು ಅಷ್ಟು ವರ್ಷ ಯಾವ ಕಡೆ ಮುಖ ಮಾಡಬೇಕು ತಿಳಿಯದೆ ಎಡೆ ಇಟ್ಟವಳು. ಇನ್ನೊಂದು ಸುಳ್ಳು ದಿಕ್ಕು ನಾನು ಹೇಗೆ ಕೊಡಲಿ?

“ಅಲ್ಲ ಚಿಗವ್ವಾ,” ಅಂದೆ. “ಯಾವುದೋ ದೇಶದ ಸಮುದ್ರ ಅದು.”

ಕಾಕಾ ನೆಲ ನೋಡಿದ. ಚಿಗವ್ವ ಅಳಲಿಲ್ಲ, ಸಿಟ್ಟೂ ಆಗಲಿಲ್ಲ. ಫೋಟೋದಿಂದ ಹಾರ ತೆಗೆದಳು. ಫ್ರೇಮನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಇಟ್ಟಳು.

“ಹಂಗಾರ ಚಿತ್ರ ಬ್ಯಾಡ,” ಅಂದಳು. “ಅಣ್ಣಾ, ನೀವ ಎತಗೊಂಡ ಹ್ವಾದವ್ರು. ಬಾಯಿಲೆ ಹೇಳ್ರಿ.”

ಸಂಗಣ್ಣ ಮಾಮಾ ಪಕ್ಕದ ಕುರ್ಚಿಯ ತೋಳು ಹಿಡಿದು ಮೆಲ್ಲಗೆ ಕೂತ.

“ಹೊಳಿಗೆ ಇಳಿಯೂ ದಾರ್ಯಾಗ ಒಂದು ಬನ್ನಿಗಿಡ ಇತ್ತಲ್ಲ ತಂಗಿ, ಅದರ ಎಡಕ್ಕ. ಕಲ್ಲಿನ ಬಾವಿ ದಾಟಿದ ಕೂಡಲೆ. ನಾ ಅದನ್ನ ಒಂದನ್ನ ಬ್ಯಾರೆ ಇಡಲಿಲ್ಲ. ಅಷ್ಟ ಸಣ್ಣ ಕೂಸು, ಒಂದ ಹೆಂಗ ಮಲಗಬೇಕು? ಅಂಜ್ಯಾತು ಅನ್ನಿಸ್ತು. ನಮ್ಮವ್ವನ ಮಗ್ಗಲಕ ಇಟ್ಟು ಬಂದೆ. ಅವ್ವ ಹೋಗಿ ಆಗ ಒಂದ ವರ್ಷ ಆಗಿತ್ತು. ಅಕಿಗೆ ಕೂಸಂದ್ರ ಭಾಳ ಜೀವ.”

ಚಿಗವ್ವ ಅವನ ಕುರ್ಚಿಯ ಹತ್ತಿರ ಬಂದು ನಿಂತಳು.

“ನಮ್ಮವ್ವಗ ಎಡಿ ಹಿಡದಾಗೆಲ್ಲ ಅದಕ್ಕೂ ಒಂದು ತುತ್ತ ಇಟಗೋತ ಬಂದೇನಿ,” ಅಂದ ಮಾಮಾ. “ನಿಮಗ ಹೇಳೂಣು ಹೇಳೂಣು ಅಂದ್ಕೊಂಡೆ. ಹೇಳಾಕ ಬಂದಾಗೆಲ್ಲ ಈ ಹಾಳ ಗ್ವಾಡಿ ನೆನಪಾಕ್ಕಿತ್ತು.”

“ಹಂಗಾರ ಅಕಿ ಒಬ್ಬಾಕಿ ಇರಲಿಲ್ಲ,” ಅಂದಳು ಚಿಗವ್ವ.

ಇಷ್ಟೇ ಅಂದಳು. ಆಮೇಲೆ ತಾಟು ಎತ್ತಿಕೊಂಡು ಎಲ್ಲರಿಗಿಂತ ಮೊದಲು ಮಾಮಾನ ಕೈಗೆ ಕುಸುರೆಳ್ಳು ಹಾಕಿದಳು. ಎಳ್ಳುಬೆಲ್ಲದ ಮಾತು ಆಡಲು ಇಬ್ಬರಿಗೂ ಆಗಲಿಲ್ಲ. ನನಗೆ ಅಳು ಬಂತು, ಯಾಕೆ ಮುಚ್ಚಿಡಲಿ. ಹತ್ತಿರ ಕೂತಿದ್ದವರೊಬ್ಬರು ನನ್ನ ಕೈಯಿಂದ ಕರದಂಟಿನ ಡಬ್ಬಿ ತಗೊಂಡು ಸುತ್ತ ಹಂಚಿದರು. ಊಟ ನಡೆಯಿತು. ಎಣ್ಣೆಗಾಯಿಗೆ ಉಪ್ಪು ಹೆಚ್ಚಾಗಿತ್ತು, ಯಾರೂ ಹೇಳಲಿಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಚಿಗವ್ವ ಗೇಟಿನ ತನಕ ಬಂದಳು. “ಬ್ಯಾಸಗಿಗೆ ನೀರು ಇಳಿತಾವಲ್ಲ, ಆವಾಗ ಅಣ್ಣಾರು ಕರಕೊಂಡು ಹೋಗಿ ತೋರಸ್ತಾರಂತ. ಬಾವಿ ಕಲ್ಲರ ಕಾಣಬೌದು ಅಂದ್ರು. ನಿಮ್ಮ ಕಾಕಾನೂ ಬರ್ತಾರಂತ,” ಅಂದಳು.

ಒಳಗಿನಿಂದ ಕಾಕಾನ ದನಿ ಬಂತು: “ನಾ ಬರೂದು ಗ್ವಾಡಿ ನೋಡಾಕ! ಅದರ ಬುನಾದಿ ಎಲ್ಲೈತಿ ಅನ್ನೂದು ಖರೆ ಆಗಿಬಿಡ್ಲಿ ಒಮ್ಮೆ!”

“ಬಾರಲೇ, ನಾನೂ ಟೇಪ್ ತರ್ತೇನಿ,” ಅಂದ ಮಾಮಾ. ಇನ್ನೂ ಒಳಗೇ ಕೂತಿದ್ದ. ಸಂಕ್ರಮಣದ ಒಂದು ಮಾತಿನ ಕೋಟಾ ಮುಗಿದ ಮೇಲೂ ಕೂತಿದ್ದ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಮೀನಗಡ ದಾಟಿದರೂ ಕಣ್ಣು ಮುಚ್ಚಲಿಲ್ಲ. ಅಷ್ಟು ಎತ್ತರದಲ್ಲಿ ಕೂತವರಿಗೆ ಒಂದು ಕೊಲ್ಲಿ, ಅದರ ಸುತ್ತಲಿನ ಊರುಗಳು ಒಂದೇ ನೋಟಕ್ಕೆ ಕಾಣುತ್ತವಂತೆ. ನಮ್ಮ ಇಬ್ಬರು ಮುದುಕರು ಗೇಣಿನ ಅಂತರದಲ್ಲಿ ಬದುಕಿ, ಪ್ರತಿ ವರ್ಷ ಕೈಗೆ ಕೈ ತಾಗಿಸಿ ಎಳ್ಳು ಹಂಚಿಕೊಂಡು, ಆಡಬೇಕಾದ ಒಂದು ಮಾತನ್ನು ಆಡಿರಲಿಲ್ಲ. ಆಡಿಸಲು ಹೊರದೇಶದ ಸಮುದ್ರ ಬರಬೇಕಾಯಿತು, ಅದೂ ತಪ್ಪು ವಿಳಾಸಕ್ಕೆ. ಯಾರ ಮೇಲೆ ಸಿಟ್ಟಾಗಲಿ? ಸಿಟ್ಟಾಗುವಷ್ಟು ಶಕ್ತಿಯೂ ಉಳಿದಿರಲಿಲ್ಲ.

ಗ್ರೂಪು ಸುಮ್ಮನಾಗಿದೆ ಅಂದುಕೊಳ್ಳಬೇಡಿ. ಮರುದಿನವೇ ಹೊಸ ಫಾರ್ವರ್ಡ್ ಬಂತು: ‘ಚಂದ್ರನ ಮೇಲಿಂದ ಕಾಣುವ ನಮ್ಮ ಬಾದಾಮಿ!’ ನಾನು ತಿದ್ದಲಿಲ್ಲ. ಯಾರಿಗೆ ಗೊತ್ತು, ಬಾದಾಮಿಯಲ್ಲೂ ಯಾವುದೋ ಒಂದು ಗೋಡೆ ಇರಬಹುದು.

ನಿನ್ನೆ ಕಾಕಾ ಮತ್ತೆ ಫೋನ್ ಮಾಡಿದ. ಅದೂ ಇದೂ ಮಾತಾಡಿದ. ಬೇಸಿಗೆಗೆ ಬಾ ಅಂದ. ಫೋನಿಡುವ ಮುಂಚೆ ದನಿ ತಗ್ಗಿಸಿದ, ಚಿಗವ್ವ ಅಲ್ಲೇ ಎಲ್ಲೋ ಇದ್ದಿರಬೇಕು.

“ಬರೂಮುಂದ ಇಳಕಲ್ ಪ್ಯಾಟ್ಯಾಗ ಕರಿಬಳಿ ಸಿಕ್ಕರ ತಗೊಂಬಾ. ಕೂಸಿನ ಅಳತೀವು.”

ಗೋಡೆ ನೋಡಲು ಹೋಗುವವನಿಗೆ ಕರಿಬಳೆ ಯಾಕೆ, ನೀವೇ ಹೇಳಿ?